ಬಾಗಿಲಿಗೊಂದು ಸಿಂಬಿ, ಖರ್ಚು 20 ರೂಪಾಯಿ

ಮಾನ್ಯರೆ,

ಕಳೆದ ಭಾನುವಾರದ ಪುರವಣಿಯಲ್ಲಿ ಕಡಿಮೆ ಖರ್ಚಿನ ಬಾಗಿಲ ಅಲಂಕಾರದ ಬರಹ ಓದಿದೆ. ಬಾಗಿಲ ನಡುವೆ ದುಂಡಗಿನ ಹೂವಿನ ಬಳೆ ನೇತು ಹಾಕಿದ ಫೋಟೊ ಚೆನ್ನಾಗಿತ್ತು. ಆದರೆ ಬೇಕಾದ ಸಾಮಾನಿನ ಪಟ್ಟಿ ನೋಡಿ ನಗು ಬಂತು. ಗ್ಲೂ ಗನ್, ಎಂಡಿಎಫ್ ರಿಂಗ್ (ಮರದ ನಾರು ಒತ್ತಿ ಮಾಡಿದ ಹಲಗೆಯ ಬಳೆ), ಆರು ಗೊಂಚಲು ಪ್ಲಾಸ್ಟಿಕ್ ಹೂವು, ಸ್ಯಾಟಿನ್ ರಿಬ್ಬನ್. ಹಟಕ್ಕೆ ಬಿದ್ದು ನಮ್ಮೂರಿನ ಫ್ಯಾನ್ಸಿ ಸ್ಟೋರಿನಲ್ಲಿ ವಿಚಾರಿಸಿದೆ. ರಿಂಗ್ ಇಲ್ಲ, ಮಿಕ್ಕಿದ್ದಕ್ಕೆ 640 ರೂಪಾಯಿ ಅಂದರು. ನಾನು ಒಂದು ಲೈನಿಂಗ್ ಬ್ಲೌಸ್ ಹೊಲಿದರೆ ಸಿಗುವುದು 300. ಇದು ಯಾರಿಗೆ ಕಡಿಮೆ ಖರ್ಚು?

ರಿಂಗ್ ಸಿಗದಿದ್ದರೆ ಥರ್ಮೊಕೋಲ್ ಕತ್ತರಿಸಿಕೊಳ್ಳಿ ಎಂದೂ ಬರೆದಿದ್ದೀರಿ. ಅಲಂಕಾರದ ಥರ್ಮೊಕೋಲ್ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ. ಆ ಸುದ್ದಿ ನಾನು ಓದಿದ್ದು ನಿಮ್ಮ ಪತ್ರಿಕೆಯಲ್ಲೇ.

ನಾನು ತಿಪಟೂರಿನವಳು. 22 ವರ್ಷದಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮ್ಮಲ್ಲಿ ಎರಡು ವಸ್ತುವಿಗೆ ಬರವಿಲ್ಲ. ಒಂದು ತೆಂಗಿನ ನಾರು, ಇನ್ನೊಂದು ನನ್ನ ಮಿಷನ್ ಕೆಳಗೆ ಬೀಳುವ ಬಟ್ಟೆ ಚೂರು. ಮೂರು ವರ್ಷದ ಹಿಂದೆ ಈ ಚೂರುಗಳನ್ನು ಏನು ಮಾಡುವುದು ಎಂದು ತಲೆ ಕೆಟ್ಟು ಒಂದು ಬಳೆ ಕಟ್ಟಿದೆ. ಮೊದಲ ಸಲ ಬುದ್ಧಿ ಇಲ್ಲದೆ ಮೈದಾ ಅಂಟು ಕಾಯಿಸಿ ಬಟ್ಟೆ ಅಂಟಿಸಿದ್ದೆ. ವಾರದಲ್ಲಿ ಜಿರಲೆ ಬಂದವು. ಅಂಟು ಬೇಡವೇ ಬೇಡ, ಗಂಟು ಸಾಕು.

ಡ್ರೈಕ್ಲೀನ್ ಬಟ್ಟೆ ಜೊತೆ ಬರುವ ತಂತಿ ಹ್ಯಾಂಗರ್ ಒಂದು ಸಾಕು. ಎಳೆದು ದುಂಡಗೆ ಮಾಡಿದರೆ ಅಡ್ಡಕ್ಕೆ ಸುಮಾರು 12 ಇಂಚಿನ ಬಳೆ ಆಗುತ್ತದೆ. ಕೊಕ್ಕೆ ಹಾಗೇ ಇರಲಿ, ನೇತು ಹಾಕಲು ಅದೇ ಬೇಕು. ಬರೀ ತಂತಿಗೆ ಬಟ್ಟೆ ಕಟ್ಟಿದರೆ ಗಂಟೆಲ್ಲ ಜಾರಿ ಕೆಳಗೆ ಸೇರುತ್ತವೆ. ಅದಕ್ಕೇ ಮೊದಲು ಸಣ್ಣ ನಾರಿನ ಹುರಿಯನ್ನು ಒತ್ತೊತ್ತಾಗಿ ಸುತ್ತಬೇಕು. ಐದಾರು ಗಜ ಹಿಡಿಯುತ್ತದೆ. 20 ರೂಪಾಯಿ ಎಂದೆನಲ್ಲ, ಅದು ಈ ಹುರಿಯದು. ಆಮೇಲೆ ಒಂದು ಇಂಚು ಅಗಲ, ಆರು ಇಂಚು ಉದ್ದದ ಬಟ್ಟೆ ಪಟ್ಟಿ ಸುಮಾರು 150. ಒಂದೊಂದನ್ನೂ ಹುರಿಯ ಮೇಲೆ ಒಂದೇ ಗಂಟು ಹಾಕಿ ಒತ್ತಿ ಕೂರಿಸಿ. ಕಾಟನ್ ಬಟ್ಟೆಯನ್ನು ನೇರ ಕತ್ತರಿಸಿದರೆ ನೂಲು ಬಿಡುತ್ತದೆ, ಕ್ರಾಸ್ ಆಗಿ ಕತ್ತರಿಸಿ. ರೇಷ್ಮೆ ಚೂರು ಹೇಗೆ ಕತ್ತರಿಸಿದರೂ ನೂಲು ಬಿಡುವುದೇ, ಆದರೆ ಆ ಹೊಳಪಿಗೆ ನಾಲ್ಕಾದರೂ ಇರಲಿ. ರಾತ್ರಿ ಟಿವಿ ನೋಡುತ್ತಾ ಕೂತರೆ ಎರಡು ದಿನದ ಕೆಲಸ.

ನೇತು ಹಾಕಿದ ದಿನ ನಮ್ಮ ಅತ್ತೆ, ‘ಇದೇನೇ, ಸಿಂಬಿನ ಬಾಗಿಲಿಗೆ ನೇತಾಕಿದ್ದೀಯ?’ ಅಂದರು. ನಿಜ, ತಲೆ ಮೇಲೆ ಬಿಂದಿಗೆ ಹೊರುವಾಗ ಇಟ್ಟುಕೊಳ್ಳುವ ಸಿಂಬಿಯ ಹಾಗೇ ಇತ್ತು. ಅಂದಿನಿಂದ ಮನೆಯಲ್ಲಿ ಅದರ ಹೆಸರೇ ಸಿಂಬಿ.

ಇದರಿಂದ ತೋರಣ ಬಿಟ್ಟೆವು ಅಂದುಕೊಳ್ಳಬೇಡಿ. ಬಾಗಿಲ ಮೇಲೆ ಮಾವಿನ ತೋರಣ ಇದ್ದೇ ಇರುತ್ತದೆ. ಯುಗಾದಿಗೆ ಮಿಕ್ಕ ಎಲೆ, ಎರಡು ಎಸಳು ಬೇವು ತಂದು ಸಿಂಬಿಯ ಗಂಟುಗಳ ನಡುವೆ ಸಿಕ್ಕಿಸುತ್ತೇನೆ. ಎಲೆಯ ತುದಿಯೆಲ್ಲ ಒಂದೇ ದಿಕ್ಕಿಗಿರಬೇಕು, ಒಂದರ ತೊಟ್ಟನ್ನು ಇನ್ನೊಂದು ಮುಚ್ಚಬೇಕು. ದೀಪಾವಳಿಗೆ ಚೆಂಡು ಹೂವು, ಜೊತೆಗೆ ಹುಚ್ಚೆಳ್ಳು ಹೂವು. ನಮ್ಮಮ್ಮ ಅದನ್ನು ಸಗಣಿ ಉಂಡೆಗೆ ಚುಚ್ಚಿ ಹೊಸ್ತಿಲ ಪಕ್ಕ ಇಡುತ್ತಿದ್ದರು. ಈಗ ಪೇಟೆಯಲ್ಲಿ ಸಗಣಿಗೂ ಪರದಾಟ. ಒಂದು ಎಚ್ಚರಿಕೆ: ನಾರು, ಬಟ್ಟೆ ಎರಡೂ ಬೇಗ ಹತ್ತಿಕೊಳ್ಳುತ್ತವೆ. ದೀಪ ಹಚ್ಚುವ ಸಂಜೆ ಹೊಸ್ತಿಲ ದೀಪಕ್ಕೂ ಸಿಂಬಿಗೂ ದೂರವಿರಲಿ.

ಇನ್ನೊಂದು ಕಾಟ ಅಳಿಲಿನದು. ಹುರಿ ಎಲ್ಲಾದರೂ ಕಾಣುವ ಹಾಗಿದ್ದರೆ ಗೂಡಿಗೆಂದು ನಾರು ಕಿತ್ತುಕೊಂಡು ಹೋಗುತ್ತದೆ. ಹೋದ ವರ್ಷ ಅರ್ಧ ಸಿಂಬಿ ಬೋಳಾಗಿತ್ತು. ನಾನು ಓಡಿಸಲಿಲ್ಲ ಅನ್ನಿ.

ನನ್ನದೊಂದೇ ಕೋರಿಕೆ. ‘ಕಡಿಮೆ ಖರ್ಚು’ ಎಂದು ಬರೆಯುವಾಗ ಪ್ರತಿ ಸಾಮಾನಿನ ಪಕ್ಕ ರೇಟು ಹಾಕಿ. ಸಾಧ್ಯವಾದರೆ ಬೆಂಗಳೂರಿನ ಅಂಗಡಿಯದಲ್ಲ, ನಮ್ಮಂಥ ಊರಿನದು. ಫೋಟೊ ಬೇಕೆಂದರೆ ನನ್ನ ಸಿಂಬಿಯದು ಕಳಿಸಬಲ್ಲೆ. ಈಗ ಬಾಗಿಲಲ್ಲಿರುವುದು ಎರಡನೆಯದು. ಮೊದಲನೆಯದನ್ನು ಅತ್ತೆ ಇಳಿಸಿಕೊಂಡು ಬೇಸಿಗೆಯ ನೀರಿನ ಮಡಕೆ ಕೆಳಗೆ ಇಟ್ಟಿದ್ದಾರೆ.

– ಬ್ಲೌಸ್ ಹೊಲಿಯುವಾಕೆ, ತಿಪಟೂರು