ರಿಸರ್ವ್ ಸೈನ್ಯ ಅಂದ್ರೆ ಬರೀ ಬಂದೂಕಲ್ಲ

ಸಂಪಾದಕರೇ,

ರಿಸರ್ವ್ ಸೈನಿಕರು (ಬೇರೆ ಕೆಲಸದ ಜೊತೆಗೇ ಬಿಡುವಲ್ಲಿ ಸೇನೆಗೆ ದುಡಿಯೋರು) ಅಂದ ತಕ್ಷಣ ಪೇಪರ್, ಟಿವಿ ಎಲ್ಲದ್ರಲ್ಲೂ ಬಂದೂಕು ಹಿಡಿದೋರ ಫೋಟೋನೇ, ವೈರ್‌ಲೆಸ್ ಸೆಟ್ ಹೊತ್ತೋರ ಸುದ್ದಿನೇ ಇಲ್ಲ. ಬ್ರಿಟನ್ನಿನ ರಾಯಲ್ ಸಿಗ್ನಲ್ಸ್ ನೋಡಿ, 1920ರಲ್ಲಿ ಶುರುವಾದ, ಸೇನೆಯ ಸಂಪರ್ಕ ವ್ಯವಸ್ಥೆ ನೋಡ್ಕೊಳ್ಳೋ ವಿಭಾಗ, ಅದರ ರಿಸರ್ವ್ ರೆಜಿಮೆಂಟ್‌ಗಳಲ್ಲಿ (ಗ್ಲಾಸ್ಗೋದ 32ನೇದು ಒಂದು) ಇರೋರಲ್ಲಿ ಹೆಚ್ಚಿನವರು ಹಗಲು ಬೇರೆ ಉದ್ಯೋಗ ಮಾಡೋರು, ಸಂಜೆ, ವೀಕೆಂಡ್ ಟ್ರೈನಿಂಗು, ಜೊತೆಗೆ ಎರಡು ವಾರದ ಕ್ಯಾಂಪು, ವರ್ಷಕ್ಕೆ ಸುಮಾರು 27 ದಿನ ಮುಗಿಸಿದ್ರೆ ಟ್ಯಾಕ್ಸ್ ಇಲ್ಲದ ಬೋನಸ್ಸೂ ಸಿಗುತ್ತೆ.

ಮಾಮೂಲಿ ನೆಟ್‌ವರ್ಕ್ ಕೈಕೊಟ್ಟಾಗ ಸೈನ್ಯಕ್ಕೂ, ಬೇಕಾದ್ರೆ ಸಿವಿಲ್ ಆಡಳಿತಕ್ಕೂ ಸಂಪರ್ಕ ತಪ್ಪದ ಹಾಗೆ ನೋಡ್ಕೊಳ್ಳೋದು ಇವರ ಕೆಲಸ. ಸ್ಯಾಟಲೈಟು ಗೀಟಲೈಟು ಎಲ್ಲಾ ಇರ್ಲಿ, ಹಳೇ ಎಚ್‌ಎಫ್ (ಶಾರ್ಟ್‌ವೇವ್) ರೇಡಿಯೋ ಇವತ್ತಿಗೂ ಗಟ್ಟಿ: 5 ಮೆಗಾಹರ್ಟ್ಸ್‌ಗೆ ಸುಮಾರು 28 ಮೀಟರ್ ತಂತಿ ಅಳೆದು ಕತ್ತರಿಸಿ ಆಂಟೆನಾ ಮಾಡಿ ಎರಡು ಮರದ ನಡುವೆ ಹೆಚ್ಚು ಎತ್ತರಿಸದೆ ಕಟ್ಟಿದ್ರೆ ಸಿಗ್ನಲ್ ನೆಟ್ಟಗೆ ಮೇಲೆ ಹೋಗಿ ಅಯಾನುಗೋಳಕ್ಕೆ (ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರ) ಬಡಿದು ವಾಪಸ್ ಬರುತ್ತೆ, ನಡುವೆ ಬೆಟ್ಟ ಇದ್ರೂ ಅಡ್ಡಿಯಿಲ್ಲ, ಟವರ್ರೂ ಬೇಡ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಕುಸಿದಾಗ ಎಷ್ಟೋ ಊರಲ್ಲಿ ಕರೆಂಟೂ ಇಲ್ಲ ಮೊಬೈಲೂ ಇಲ್ಲ ಅನ್ನೋ ಸ್ಥಿತಿ ಇತ್ತಲ್ಲ, ಅಲ್ಲಿಗೆ ಬೇಕಿದ್ದದ್ದು ಇಂಥದ್ದೇ. ನಮ್ಮ ದೇಶದ ಇಂಥದ್ದೇ ಅರೆಕಾಲಿಕ ಸೈನ್ಯ ಟೆರಿಟೋರಿಯಲ್ ಆರ್ಮಿಲಿ ರೈಲ್ವೆಯವರ ಘಟಕ, ತೈಲ ಕಂಪನಿ ನೌಕರರ ಘಟಕ ಇವೆ. ಬೆಂಗಳೂರಲ್ಲಿ ಟೆಲಿಕಾಂ ಇಂಜಿನಿಯರ್‌ಗಳಿಗೇನು ಬರಗಾಲವಾ? ಅವರನ್ನ ಹೀಗೆ ಬಳಸ್ಕೊಳ್ಳೋ ಬಗ್ಗೆ ನಿಮ್ಮ ವರದಿಗಾರರು ಸೇನೆಯವರನ್ನ, ಜಿಲ್ಲಾಡಳಿತದವರನ್ನ ಒಂದ್ಸಲ ಕೇಳಿ ಬರೀಲಿ.

– ಒಬ್ಬ ಓದುಗ, ಮಡಿಕೇರಿ