ಶೇಕಡಾ 30ರ ಗೆರೆ ಮತ್ತು ನಮ್ಮ ಕನ್ನಡ ಮಾಧ್ಯಮದ ಮಕ್ಕಳು: ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಕೇರಳದ ಸಾಮಾನ್ಯ ಶಿಕ್ಷಣ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನವನು. ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತನಾಗಿದ್ದೇನೆ. ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ತಿರುವನಂತಪುರದಲ್ಲಿ ಓದಿ ಹೇಳುವವರು ಒಬ್ಬರಾದರೂ ಸಿಕ್ಕಾರು ಅಂತ ಧೈರ್ಯ.

ಸಬ್ಜೆಕ್ಟ್ ಮಿನಿಮಮ್ ಬಗ್ಗೆ ಮಾತಾಡಬೇಕಿತ್ತು. ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಶೇಕಡಾ 30 ಬರಲೇಬೇಕು ಅಂತ ಸರಕಾರ 2024ರಲ್ಲಿ ತೀರ್ಮಾನಿಸಿತು. 2024-25ರಲ್ಲಿ ಎಂಟನೇ ಕ್ಲಾಸಿಗೆ, ಮರುವರ್ಷ ಒಂಬತ್ತಕ್ಕೆ, 2026-27ರಲ್ಲಿ ಎಸ್ಸೆಸ್ಸೆಲ್ಸಿಗೆ ಎಂಬುದು ಆಗ ಘೋಷಿಸಿದ ಕ್ರಮ. ನಾನು ಇದನ್ನು ವಿರೋಧಿಸುವವನಲ್ಲ. ಹಿಂದಿನ ಲೆಕ್ಕ ಗೊತ್ತಲ್ವಾ? ಗಣಿತಕ್ಕೆ ಬರವಣಿಗೆಗೆ 80, ಸಿ.ಇ.ಗೆ, ಅಂದರೆ ಶಾಲೆಯಲ್ಲೇ ನಡೆಯುವ ನಿರಂತರ ಮೌಲ್ಯಮಾಪನಕ್ಕೆ, 20. ಪಾಸಾಗಲು ಒಟ್ಟು 30 ಸಾಕು. ಸಿ.ಇ.ಯ 20ನ್ನು ಹೆಚ್ಚುಕಮ್ಮಿ ಎಲ್ಲರಿಗೂ ಕೊಟ್ಟುಬಿಡುವುದು ರೂಢಿ. ಉಳಿದದ್ದು ಬರೀ 10. ಅಂದರೆ 80ಕ್ಕೆ 10 ತೆಗೆದ ಮಗು ಡಿ ಪ್ಲಸ್ ಗ್ರೇಡಿನೊಂದಿಗೆ ದಾಟುತ್ತಿತ್ತು. ಹೊಸ ನಿಯಮದಲ್ಲಿ 24 ತೆಗೆಯಬೇಕು. ಸರಿಯೇ.

ಆದರೆ ಗೆರೆಯನ್ನು ಮೇಲಕ್ಕೆ ಎಳೆದ ಮಾತ್ರಕ್ಕೆ ಮಕ್ಕಳು ಮೇಲೆ ಬರುವುದಿಲ್ಲ. 10ಕ್ಕೂ 24ಕ್ಕೂ ನಡುವೆ ಇರುವ ಕಲಿಕೆ ಯಾವಾಗ, ಹೇಗೆ ಆಗುತ್ತದೆ ಎಂಬುದು ನನ್ನ ಪ್ರಶ್ನೆ.

ಒಂದು ಸಣ್ಣ ಲೆಕ್ಕ ನೋಡಿ. 1/2 + 1/3 ಎಷ್ಟು? ಒಬ್ಬ ಹುಡುಗ 2/5 ಎಂದು ಬರೆಯುತ್ತಾನೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾನೆ. ಪಕ್ಕದ ಹುಡುಗಿ 2/6 ಎಂದು ಬರೆಯುತ್ತಾಳೆ. ಅವಳಿಗೆ ಛೇದ ಆರು ಆಗಬೇಕು ಎಂಬುದು ಗೊತ್ತು, ಮೇಲಿನ ಸಂಖ್ಯೆಯನ್ನೂ ಬದಲಿಸಬೇಕು ಎಂಬುದು ಗೊತ್ತಿಲ್ಲ. ಇಬ್ಬರಿಗೂ ಕೆಂಪು ಶಾಯಿಯ ತಪ್ಪು ಗುರುತು, ಇಬ್ಬರಿಗೂ ಸೊನ್ನೆ. ಅವಳು ಅರ್ಧ ದಾರಿ ಬಂದಾಗಿದೆ, ಅವಳಿಗೆ ಒಂದೇ ಒಂದು ಹೆಜ್ಜೆ ತೋರಿಸಿದರೆ ಸಾಕು. ಅವನಿಗೆ ಭಿನ್ನರಾಶಿ ಎಂದರೆ ಒಂದು ಅಳತೆ ಎಂಬುದೇ ಇನ್ನೂ ಹೊಳೆದಿಲ್ಲ. ಅವನನ್ನು ಹತ್ತಿರ ಕೂರಿಸಿ, "ಅರ್ಧ ಲೀಟರ್ ಹಾಲಿಗೆ ಇನ್ನಷ್ಟು ಹಾಲು ಹೊಯ್ದರೆ ಅರ್ಧ ಲೀಟರಿಗಿಂತ ಕಮ್ಮಿ ಆಗುತ್ತದಾ ಮಗಾ?" ಎಂದು ಕೇಳಬೇಕು. 2/5 ಅರ್ಧಕ್ಕಿಂತ ಕಮ್ಮಿ ಎಂದು ಅವನಿಗೇ ಗೊತ್ತಾಗುವವರೆಗೆ ಕಾಯಬೇಕು. ಮಾರ್ಕಿನ ಪಟ್ಟಿಯಲ್ಲಿ ಈ ಇಬ್ಬರೂ ಒಂದೇ. ಆ ಪಟ್ಟಿಯನ್ನು ಎಷ್ಟು ಸಲ ಅಪ್‌ಲೋಡ್ ಮಾಡಿದರೂ ಇಬ್ಬರ ನಡುವಿನ ವ್ಯತ್ಯಾಸ ಮೇಲಿನವರಿಗೆ ಕಾಣುವುದಿಲ್ಲ.

ಈಗ ಆಗುತ್ತಿರುವುದೇನು? ಓಣಂ ರಜೆ ಮುಗಿದ ಮೇಲೆ ಉತ್ತರಪತ್ರಿಕೆ ಕೈಗೆ ಸಿಗುತ್ತದೆ. ಮಕ್ಕಳು ಮೊದಲು ತಮ್ಮ ಮಾರ್ಕು ನೋಡುತ್ತಾರೆ, ಆಮೇಲೆ ಪಕ್ಕದವರದ್ದು. ಒಳಗಿನ ಪುಟ ಯಾರೂ ತೆರೆಯುವುದಿಲ್ಲ. ಮರುದಿನ ಹೊಸ ಪಾಠ, ಯಾಕೆಂದರೆ ಕ್ರಿಸ್ಮಸ್ ಪರೀಕ್ಷೆಗೆ ಪಾಠಭಾಗ ಮುಗಿಯಬೇಕು. 1988ರಲ್ಲಿ ರೂತ್ ಬಟ್ಲರ್ ಎಂಬವರು ಇಸ್ರೇಲಿನ ಶಾಲಾ ಮಕ್ಕಳ ಮೇಲೆ ಮಾಡಿದ ಅಧ್ಯಯನ ಶಿಕ್ಷಣ ಕ್ಷೇತ್ರದಲ್ಲಿ ಪ್ರಸಿದ್ಧ. ಕೆಲವರಿಗೆ ಬರೀ ಮಾರ್ಕು, ಕೆಲವರಿಗೆ ಬರೀ ಟಿಪ್ಪಣಿ, ಕೆಲವರಿಗೆ ಎರಡೂ ಕೊಟ್ಟು ನೋಡಿದರು. ಸುಧಾರಿಸಿದ್ದು ಬರೀ ಟಿಪ್ಪಣಿ ಸಿಕ್ಕಿದ ಮಕ್ಕಳು. ಮಾರ್ಕೂ ಟಿಪ್ಪಣಿಯೂ ಒಟ್ಟಿಗೆ ಸಿಕ್ಕಿದವರಿಗೆ ಆ ಲಾಭ ಆಗಲಿಲ್ಲ. ಅಧ್ಯಾಪಕರ ಕೊಠಡಿಯಲ್ಲಿ ಕುಳಿತ ಯಾರಿಗೂ ಇದು ಆಶ್ಚರ್ಯ ಅಲ್ಲ ಬಿಡಿ.

ನಿರಂತರ ಮೌಲ್ಯಮಾಪನ ಬಂದದ್ದೇ ಇದಕ್ಕಾಗಿ. ಮಗು ಎಲ್ಲಿ ಎಡವುತ್ತಿದೆ ಎಂದು ಅಧ್ಯಾಪಕನಿಗೆ ದಿನವೂ ಗೊತ್ತಾಗಲಿ ಎಂದು. 2009ರ ಶಿಕ್ಷಣ ಹಕ್ಕು ಕಾಯಿದೆಯೂ ಅದನ್ನೇ ಹೇಳುತ್ತದೆ. ಆದರೆ ಸಿ.ಇ. ಎಂದರೆ ಈಗ ಕಾಟಾಚಾರಕ್ಕೆ ಮಾಡಿಸುವ ಪ್ರಾಜೆಕ್ಟು, ವರ್ಷದ ಕೊನೆಗೆ ಭರ್ತಿ ಮಾಡುವ ಕಾಲಂ. 20ಕ್ಕೆ 20 ಬಿದ್ದ ಮೇಲೆ ಅದರಿಂದ ಯಾರಿಗೆ ಏನು ತಿಳಿಯಬೇಕು?

ಇದು ಇಡೀ ರಾಜ್ಯದ ಕತೆ ಎನ್ನಬಹುದು. ಹೌದು. ಆದರೆ ನಮ್ಮ ಕಡೆ ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ. ಇಲ್ಲಿನ ಮಕ್ಕಳು ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಏನೇನೋ ಮಾತಾಡುತ್ತಾರೆ. ಶಾಲೆಗೆ ಬಂದು ಕನ್ನಡದಲ್ಲಿ ಕಲಿಯುತ್ತಾರೆ. ಅವರ ಕೈಗೆ ಬರುವುದು ಮಲಯಾಳದಿಂದ ಅವಸರದಲ್ಲಿ ಕನ್ನಡಕ್ಕೆ ತಂದಂತಿರುವ ಪ್ರಶ್ನೆ. ಮೂರು ನಾಲ್ಕು ಸಾಲಿಗೆ ಒಂದೇ ವಾಕ್ಯ. ಯಾರು ಯಾರಿಗೆ ಎಷ್ಟು ಕೊಟ್ಟರು ಎಂದು ಬಿಡಿಸುವಷ್ಟರಲ್ಲಿ ಪ್ರಶ್ನೆಪತ್ರಿಕೆ ಓದಲೆಂದು ಮೊದಲಿಗೆ ಕೊಡುವ 15 ನಿಮಿಷದ ಕೂಲ್ ಆಫ್ ಟೈಮ್ ಮುಗಿದಿರುತ್ತದೆ. ಪರೀಕ್ಷೆಯ ನಂತರ ಅದೇ ಪ್ರಶ್ನೆಯನ್ನು ಊರ ಕನ್ನಡದಲ್ಲಿ ಬಾಯಲ್ಲಿ ಹೇಳಿದರೆ "ಅಯ್ಯೋ, ಇಷ್ಟೇಯಾ ಮಾಷ್ಟ್ರೇ?" ಎಂದು ಮಾಡಿ ತೋರಿಸಿದ ಮಕ್ಕಳನ್ನು ಬೇಕಾದಷ್ಟು ಕಂಡಿದ್ದೇನೆ. ಅವರಿಗೆ ಲೆಕ್ಕ ಬರುತ್ತಿತ್ತು. ಆದರೆ ಆ ವಿಷಯ ಮಾರ್ಕಿನಲ್ಲಿ ಇರಲಿಲ್ಲ. ಇನ್ನು ಮುಂದೆ ಅಂಥ ಎರಡು ಪ್ರಶ್ನೆ ಒಂದು ಮಗುವನ್ನು 24ರ ಗೆರೆಯ ಈಚೆ ಆಚೆ ಮಾಡಿಬಿಡಬಹುದು.

ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ಕ್ಲಾಸಿಗೆ ಕಳಿಸುವ ವಿಷಯ ನಿಮಗೆ ಹೊಸದಲ್ಲ. ಮಕ್ಕಳೂ ಹೆತ್ತವರೂ ಧರಣಿ ಕೂತದ್ದು ಪತ್ರಿಕೆಗಳಲ್ಲಿ ಬಂದಿದೆ. ಅದನ್ನು ಎಲ್ಲರೂ ಭಾಷೆಯ ಜಗಳ ಅಂತ ನೋಡುತ್ತಾರೆ. ನನಗೆ ಅದು ಮೌಲ್ಯಮಾಪನದ ಪ್ರಶ್ನೆಯೂ ಹೌದು. ಕ್ಲಾಸಿನಲ್ಲಿ ನಡೆಯುವ ದೊಡ್ಡ ಪರೀಕ್ಷೆ ಕಾಗದದ್ದಲ್ಲ, ಬಾಯಿಮಾತಿನದ್ದು. ಪಾಠದ ನಡುವೆ ಒಂದು ಪ್ರಶ್ನೆ ಕೇಳುತ್ತೇವೆ, ಹಿಂದಿನ ಬೆಂಚಿನಿಂದ ಒಂದು ತಪ್ಪು ಉತ್ತರ ಬರುತ್ತದೆ, ಅದನ್ನು ಹಿಡಿದು ಪಾಠವನ್ನು ತಿರುಗಿಸುತ್ತೇವೆ. ಆ ತಪ್ಪು ಉತ್ತರವೇ ಅರ್ಥವಾಗದ ಅಧ್ಯಾಪಕರು ಎಷ್ಟೇ ಒಳ್ಳೆಯವರಾಗಿರಲಿ, ಏನು ಮಾಡಿಯಾರು? ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಇರಬೇಕು ಎನ್ನುತ್ತದೆ. ಪಠ್ಯಪುಸ್ತಕ ಅಚ್ಚು ಹಾಕಿದರೆ ಸೌಕರ್ಯ ಆಯಿತೇ?

30 ಬಾರದ ಮಕ್ಕಳಿಗೆ ಹೆಚ್ಚುವರಿ ಕ್ಲಾಸು, ಮರುಪರೀಕ್ಷೆ ಇದೆ, ಒಳ್ಳೆಯದು. ಆದರೆ 2025ರಲ್ಲಿ ಎಂಟನೆಯವರಿಗೆ ಅದು ನಡೆದದ್ದು ಏಪ್ರಿಲಿನಲ್ಲಿ. ವರ್ಷವಿಡೀ ಹಿಂದುಳಿದ ಮಗು ಬೇಸಿಗೆ ರಜೆಯ ಕೆಲವೇ ದಿನಗಳಲ್ಲಿ ಎಲ್ಲ ಕಲಿಯುತ್ತದೆ ಎಂದು ಯಾವ ಅಧ್ಯಾಪಕನೂ ನಂಬುವುದಿಲ್ಲ. ಆ ಕ್ಲಾಸನ್ನು ಓಣಂ ಪರೀಕ್ಷೆಯ ಬೆನ್ನಿಗೇ ಶುರು ಮಾಡಿಸಿ. ಉತ್ತರಪತ್ರಿಕೆ ಹಿಂದೆ ಕೊಟ್ಟ ವಾರ ಹೊಸ ಪಾಠ ಬೇಡ ಎಂದು ಸುತ್ತೋಲೆಯಲ್ಲೇ ಹೇಳಿ. ಆ ವಾರ ಮಕ್ಕಳು ತಮ್ಮ ತಪ್ಪುಗಳನ್ನು ತಾವೇ ತಿದ್ದಲಿ. ನಡುನಡುವೆ ಮಾರ್ಕಿಲ್ಲದ ಐದು ನಿಮಿಷದ ಪರೀಕ್ಷೆಗಳಿರಲಿ. ಓದಿದ್ದನ್ನೇ ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಬರೆದು ನೋಡಿದರೆ ಜಾಸ್ತಿ ದಿನ ಉಳಿಯುತ್ತದೆ. ಇದನ್ನು 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು ಪ್ರಯೋಗದಿಂದಲೇ ತೋರಿಸಿದ್ದಾರೆ. ಸಿ.ಇ.ಯ ಕಾಲಂಗಳನ್ನು ಅರ್ಧಕ್ಕೆ ಇಳಿಸಿದರೆ ಇದಕ್ಕೆಲ್ಲ ಅಧ್ಯಾಪಕರಿಗೆ ಸಮಯವೂ ಸಿಗುತ್ತದೆ.

ಕನ್ನಡ ಪ್ರಶ್ನೆಪತ್ರಿಕೆಯ ಮಟ್ಟಿಗೆ ಒಂದೇ ಬೇಡಿಕೆ. ಮಾಯಿಪ್ಪಾಡಿಯಲ್ಲಿ ನಿಮ್ಮದೇ ಡಯಟ್ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ಇದೆ. ಅಚ್ಚಿಗೆ ಹೋಗುವ ಮೊದಲು, ಗುಟ್ಟು ಕಾಪಾಡುವ ಎಲ್ಲ ಷರತ್ತಿನೊಂದಿಗೆ, ದಿನವೂ ಕನ್ನಡದಲ್ಲಿ ಪಾಠ ಮಾಡುವ ಇಬ್ಬರು ಅಧ್ಯಾಪಕರನ್ನು ಅಲ್ಲಿ ಕೂರಿಸಿ ಪ್ರತಿ ಪ್ರಶ್ನೆ ಓದಿಸಿ. ಅರ್ಥವಾಗದ್ದನ್ನು ಅವರು ಬದಲಿಸಲಿ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಹುದ್ದೆ ಬೇಡ. ಮುಂದಿನ ಓಣಂ ಪರೀಕ್ಷೆಯಿಂದಲೇ ಶುರು ಮಾಡಬಹುದು.

ಇತಿ,
ಮಂಜೇಶ್ವರ ತಾಲೂಕಿನ ಒಬ್ಬ ನಿವೃತ್ತ ಗಣಿತ ಅಧ್ಯಾಪಕ