ಹೆಸರು ಕಿವಿ, ಕೆಲಸ ಮೂಗಿನದು

ವೆಲ್ಲಿಂಗ್ಟನ್, ನ್ಯೂಜಿಲೆಂಡ್

ಅಮ್ಮಾ,

ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಪುಟ್ಟನಿಗೆ ಕೊಟ್ಟ ಒಂದು ಡಾಲರ್ ನಾಣ್ಯ ನೋಡಿ ನೀನು "ಇದೇನೋ, ಬಾಲ ಇಲ್ಲದ ಕೋಳಿ?" ಅಂದಿದ್ದೆಯಲ್ಲ, ಆ ಕಿವಿ ಹಕ್ಕಿಯನ್ನು ಮೊನ್ನೆ ರಾತ್ರಿ ಕಣ್ಣಾರೆ ನೋಡಿದೆ. ಬೆಳಕಿಗೆ ಹೆದರುತ್ತೆ ಅಂತ ಫೋನ್ ಜೇಬಿನಿಂದ ತೆಗೆಯೋಕೇ ಬಿಡಲಿಲ್ಲ. ಫೋಟೋ ಇಲ್ಲ, ಅದಕ್ಕೇ ಈ ಪತ್ರ.

ಇಲ್ಲಿ ಊರೊಳಗೇ ಝೀಲ್ಯಾಂಡಿಯಾ ಅಂತ 225 ಹೆಕ್ಟೇರಿನ ಕಾಡಿದೆ. ಇಲಿ, ಬೆಕ್ಕು, ಮುಂಗುಸಿಯಂಥ ಸ್ಟೋಟ್ ನುಗ್ಗದ ಹಾಗೆ ಸುತ್ತ 8.6 ಕಿಲೋಮೀಟರ್ ಬೇಲಿ. ಕೆಂಪು ಟಾರ್ಚ್ ಕೊಟ್ಟು ಕರೆದುಕೊಂಡು ಹೋದರು. ಒಂದು ಗಂಟೆ ಏನೂ ಇಲ್ಲ, ಬರೀ ಚಳಿ. ಸುಮ್ನೆ ದುಡ್ಡು ದಂಡ ಅಂದುಕೊಳ್ಳುವಷ್ಟರಲ್ಲಿ ತರಗೆಲೆ ಸರಸರ ಅಂತು. ಆಮೇಲೆ ಒಂದು ಸದ್ದು. ನೆಗಡಿಯಾದಾಗ ಅಪ್ಪ ಮೂಗು ಸೀನಿಕೊಳ್ಳುತ್ತಾರಲ್ಲ, ಥೇಟ್ ಹಾಗೇ!

ಕಿವಿ ಹಕ್ಕಿಯ ಮೂಗಿನ ಹೊಳ್ಳೆ ಕೊಕ್ಕಿನ ತುದಿಯಲ್ಲಿದೆ. ಬೇರೆ ಹಕ್ಕಿಗಳಿಗೆ ಬುಡದಲ್ಲಿರುತ್ತೆ. ಕಣ್ಣು ಅಷ್ಟಕ್ಕಷ್ಟೇ. ಕೋಲು ಊರಿ ದಾರಿ ತಡಕುವ ಅಜ್ಜನ ಹಾಗೆ ನೆಲಕ್ಕೆ ಕೊಕ್ಕು ತಟ್ಟುತ್ತಾ ಬಂತು. ಮೂಸಿ, ಮಣ್ಣಿಗೆ ಬುಡದವರೆಗೂ ಚುಚ್ಚಿ, ಹುಳ ಎಳೆದು, ಮತ್ತೆ ಫುಸ್ ಅಂತ ಮಣ್ಣು ಸೀನಿತು. ಮೈಮೇಲೆ ಗರಿ ಅನ್ನೋ ಹಾಗೇ ಇಲ್ಲ, ತೆಂಗಿನ ನಾರು. ರೆಕ್ಕೆ ಇದೆಯಂತೆ, ಆ ನಾರಿನೊಳಗೆ ಎಲ್ಲಿದೆಯೋ ಕಾಣಲಿಲ್ಲ. ಹಾರದ ಕಾರಣ ಎದೆಮೂಳೆಯೂ ಗಟ್ಟಿಯಿಲ್ಲ. ನಾಯಿ ಆಟಕ್ಕೆ ಬಾಯಲ್ಲಿ ಹಿಡಿದರೂ ಸತ್ತೇಹೋಗುತ್ತೆ. ನಮ್ಮ ರಾಜ ಇಲ್ಲಿದ್ದಿದ್ದರೆ ಹಗಲೂ ರಾತ್ರಿ ಕಟ್ಟಿಹಾಕಬೇಕಿತ್ತು.

ನಾನು ನೋಡಿದ್ದು ಲಿಟಲ್ ಸ್ಪಾಟೆಡ್ ಅನ್ನೋ ಜಾತಿ. ಕಿವಿಗಳಲ್ಲೇ ಚಿಕ್ಕದು, ನಮ್ಮ ಹೇಂಟೆಗಿಂತ ದೊಡ್ಡದೇನಲ್ಲ. ಮೊಟ್ಟೆ ಮಾತ್ರ ತಾಯಿಯ ತೂಕದ ಐದನೇ ಒಂದು ಪಾಲು! ಅಷ್ಟು ದೊಡ್ಡದು ಇಟ್ಟ ಮೇಲೆ ಹೆಣ್ಣಿನ ಕೆಲಸ ಮುಗೀತು. ಎರಡು ತಿಂಗಳಿಗೂ ಜಾಸ್ತಿ ಕಾವು ಕೂರೋದು ಗಂಡು. ಈ ಸಾಲನ್ನು ಅಪ್ಪನಿಗೆ ಎರಡು ಸಲ ಓದು.

ಮರಿ ಗರಿ ಮೂಡಿಸಿಕೊಂಡೇ ಹೊರಗೆ ಬರುತ್ತೆ. ಅಪ್ಪ ಅಮ್ಮ ಯಾರೂ ಒಂದು ಗುಟುಕೂ ಕೊಡೋದಿಲ್ಲ. ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯಲ್ಲೇ ಮೊದಲ ಕೆಲವು ದಿನ ಕಳೆದು, ಆಮೇಲೆ ತಾನೇ ಹುಳ ಹುಡುಕೋಕೆ ಹೊರಡುತ್ತೆ.

ನನ್ನ ಚಟ್ನಿಪುಡಿ ಡಬ್ಬ ಖಾಲಿಯಾಗಿದೆ. ಸುಮ್ನೆ ಹೇಳಿದೆ, ಅಷ್ಟೇ.

ಇಂತಿ,
ನಿನ್ನ ಮಗ